ಬಿಸಿ ಇಲ್ಲದ ಬೆಳಕು

ಬನಹಟ್ಟಿಯ ಧರೆಪ್ಪ ಹನ್ನೆರಡನೆಯ ವಯಸ್ಸಿಗೇ ಮಗ್ಗದ ಕುಣಿಗೆ ಇಳಿದವನು. ಸಿಟ್ಟು ಬೇಗ ಬರುತ್ತಿತ್ತು, ಬೇಗ ಇಳಿಯುತ್ತಿತ್ತು. ದಿನವಿಡೀ ಹಲಗೆ ತುಳಿದು ಸಂಜೆಗೆ ಮೊಳಕಾಲು ಹಿಡಿದುಕೊಂಡು ಮೇಲೆ ಬರುತ್ತಿದ್ದ. ಹೆಂಡತಿ ಶಂಕ್ರೆವ್ವ ಉಪ್ಪು ಹುರಿದು, ಅರಿವೆಯಲ್ಲಿ ಗಂಟು ಕಟ್ಟಿ, ಮೊಳಕಾಲಿಗೆ ಕಾವು ಕೊಡುತ್ತಿದ್ದಳು. ನೇಕಾರರ ಓಣಿಯ ಹೆಂಗಸರೆಲ್ಲ ಮಾಡುವುದು ಅದನ್ನೇ. “ಈಗ ಜೀವ ಬಂತ ನೋಡು” ಅನ್ನುತ್ತಿದ್ದ ಧರೆಪ್ಪ.

ಒಬ್ಬನೇ ಮಗ ದಶರಥ. ಅವನಿಗೆ ಹುಟ್ಟಿನಿಂದ ರಕ್ತ ಹೆಪ್ಪುಗಟ್ಟದ ಜಡ್ಡು. ಬೀಳದಿದ್ದರೂ ಕೀಲಿನೊಳಗೆ ರಕ್ತ ಇಳಿದು ಬಲ ಮೊಳಕಾಲು ಬಾತು ಮಡಚಿಕೊಳ್ಳುತ್ತಿತ್ತು. ಅವನಿಗೆ ಒಂಬತ್ತು ತುಂಬಿದಾಗ, ಮಿರಜಿಯ ಒಂದು ದವಾಖಾನೆಯಲ್ಲಿ ಇಂಥ ಮಕ್ಕಳ ಕೀಲಿಗೆ ಬೆಳಕು ಹಿಡಿಯುತ್ತಾರೆಂಬ ಸುದ್ದಿ ಬಂತು. ಧರೆಪ್ಪ ಹೆಂಡತಿ, ಮಗನನ್ನು ಕರಕೊಂಡು ಹೊರಟೇಬಿಟ್ಟ.

“ಬೆಳಕ ಬೇಕಂದ್ರ ಬಿಸಲಾಗ ಕುಂದ್ರಸೋ ಧರೆಪ್ಪಾ!” ನೆರೆಮನೆಯ ಮರೆವ್ವ ನಕ್ಕಳು.

“ನೀನೂ ಬಾರಬೇ, ನಿನ್ನ ಬಾಯಿಗೂ ಒಂದೀಟ ಹಿಡಸೂನು” ಅಂದ.

ದವಾಖಾನೆಯಲ್ಲಿ ಮೊದಲು ರಕ್ತ ನಿಲ್ಲುವ ಸೂಜಿ ಮಾಡಿ, ಬರ್ಫದ ಗಡ್ಡೆ ಇಟ್ಟು ಬಾವು ಇಳಿಸಿದರು. ಆಮೇಲೆ ಡಾಕ್ಟರ ಹೆಣ್ಣುಮಗಳು ಪೆನ್ನಿನಂಥದ್ದೊಂದನ್ನು ಹಿಡಿದು ಮೊಳಕಾಲಿನ ಸುತ್ತ ಕೆಂಪು ಬೆಳಕು ಬಿಟ್ಟಳು. ಶಂಕ್ರೆವ್ವ ನಡುವೆ ಕೈ ಒಡ್ಡಿ ನೋಡಿದಳು.

“ಡಾಕ್ಟರ ಬಾಯಾರ, ಬಿಸೀನ ಹತ್ತವಲ್ದಲ್ರೀ?”

“ಹತ್ತಬಾರದವ್ವಾ. ಮನ್ಯಾಗೂ ಕಾಸಬ್ಯಾಡ್ರಿ, ತಿಕ್ಕಬ್ಯಾಡ್ರಿ. ಕಾಸಿದ್ರ ಮತ್ತ ರಕ್ತ ಇಳೀತೈತಿ.”

ವಾರಕ್ಕೆರಡು ಸಲ ಹೋದರು. ಎರಡು ತಿಂಗಳಿಗೆ ಕಾಲು ನೆಟ್ಟಗಾಯಿತು. ಹುಡುಗ ಒಬ್ಬನೇ ಸಾಲೆಗೆ ನಡೆದುಹೋದ. ಧರೆಪ್ಪ ಮಗ್ಗ ಬಿಟ್ಟು ಓಣಿಯ ತುದಿಯವರೆಗೆ ಬಂದು ನೋಡಿದ.

ಆದರೂ ಬಿಸಿ ಇಲ್ಲದ ಬೆಳಕಿನ ಮೇಲೆ ಶಂಕ್ರೆವ್ವನಿಗೆ ನಂಬಿಕೆ ಕೂರಲಿಲ್ಲ. ಒಂದು ದಿನ ಧರೆಪ್ಪ ಸೀರೆ ಕೊಡಲು ರಬಕವಿಗೆ ಹೋಗಿದ್ದ. ಹುಡುಗ ಮೊಳಕಾಲು ಬಿಗಿಯುತ್ತದೆ ಅಂದ. ಅವಳು ಉಪ್ಪು ಹುರಿದಳು. ಚೆನ್ನಾಗಿ ಕಾಸಿದಳು, ಗಂಡನಿಗೆ ಕಾಸುವುದಕ್ಕಿಂತ ಹೆಚ್ಚಾಗಿ.

ಸಂಜೆಗೆ ಮೊಳಕಾಲು ಕುಂಬಳಕಾಯಿ. ಹುಡುಗನ ಚೀರಾಟ ಓಣಿಗೆಲ್ಲ ಕೇಳಿತು. ರಬಕವಿಯಿಂದ ಮರಳುತ್ತಿದ್ದ ಧರೆಪ್ಪ ಓಡಿಬಂದ.

“ಆ ಬೆಳಕ ಸುಟ್ಟತಲೇ ನನ್ನ ಮಗನ್ನ! ಮಂದಿ ಬ್ಯಾಡ ಅಂದ್ರೂ ನಾನ ಒಯ್ದೆ!”

ಶಂಕ್ರೆವ್ವ ಬಾಯಿ ಬಿಡಲಿಲ್ಲ. ಅವನು ಸಿಟ್ಟಿಗೇಳುತ್ತಾನೆಂದು ಅಂಜಿದಳು. ಸಿಟ್ಟು ಇಳಿದ ಮೇಲೂ ಹೇಳಲಿಲ್ಲ. ಅವನು ಮಿರಜಿಯ ದಾರಿ ಬಿಟ್ಟ. ಮಗನ ಕಾಲು ಮಡಚಿಕೊಂಡದ್ದು ಹಾಗೇ ಉಳಿಯಿತು. ಕುಣಿಗೆ ಇಳಿಯಲಾರದ ದಶರಥ ಕಟ್ಟೆಯ ಮೇಲೆ ಕೂತು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವುದನ್ನು ಕಲಿತ.

ಅದಾದ ಮೇಲೆ ಧರೆಪ್ಪ ಎಂಟು ವರ್ಷ ಬದುಕಿದ. ಬಂದವರ ಮುಂದೆಲ್ಲ ತನ್ನನ್ನೇ ಬೈದುಕೊಳ್ಳುತ್ತಿದ್ದ. ಕೊನೆಯ ದಿನ ಮಗನ ಕಾಲ ಮೇಲೆ ಕೈಯಿಟ್ಟು, “ತಪ್ಪ ನಂದಪಾ” ಅಂದ. ಶಂಕ್ರೆವ್ವ ಹಾಲಿನ ಬಟ್ಟಲು ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಹಾಲು ಕುಡಿಸಿದಳು. ಅಷ್ಟೇ.

ದಿನಕರ್ಮ ಮುಗಿದು ಮಂದಿ ಹೋದ ಮೇಲೆ ಮಗನಿಗೆ ಎಲ್ಲ ಹೇಳಿದಳು. ದಶರಥ ಕಂಡಿಕೆ ಸುತ್ತುವುದನ್ನು ನಿಲ್ಲಿಸಲಿಲ್ಲ.

“ನನಗ ಹೇಳತಿ ಏನಬೇ? ಕಾಸಿದ್ದು ನನ್ನ ಕಾಲ ಅಲ್ಲೇನು, ನನಗ ಗೊತ್ತಿಲ್ಲೇನು? ಅಪ್ಪಗ ಹೇಳೂದಿತ್ತು.”

“ನೀನರೇ ಯಾಕ ಹೇಳಲಿಲ್ಲೋ?”

“ನೀ ಹೇಳತಿ ಅಂತ ಕಾದೆ” ಅಂದ.