ಸೋದರಮಾವನ ತೊಡೆ

ಮಗಳಿಗೆ ಒಂಬತ್ತು ತಿಂಗಳು ತುಂಬಿದ ವಾರವೇ ಸೊರಬದ ಆಸ್ಪತ್ರೆಗೆ ಕರ್ಕೊಂಡು ಹೋಗಿ ದಡಾರದ ಇಂಜೆಕ್ಷನ್ ಹಾಕಿಸಿದೆ. ಅತ್ತೆಯೇ ಎತ್ಕೊಂಡು ಬಂದಿದ್ರು. ಕೂಸಿನ ಕೂದಲು ಕಣ್ಣಿಗೆ ಬೀಳ್ತಿತ್ತು. ಸಾಲಲ್ಲಿ ನಿಂತಿದ್ದ ಅಜ್ಜಿಯೊಬ್ಬರು, "ಜವಳ ತೆಗೆಸಿಲ್ಲೇನೇ ತಂಗಿ?" ಅಂದ್ರು. "ಅದು ಯಾವತ್ತಾದ್ರೂ ಆಗ್ಲಿ ಬಿಡಿ, ಜೀವ ಮೊದ್ಲು" ಅಂದೆ. ಸ್ವಲ್ಪ ಜೋರಾಗೇ ಅಂದೆ. ಆ ಅಜ್ಜಿದೇನೂ ತಪ್ಪಿರಲಿಲ್ಲ, ಪಾಪ.

ಇವಳಿಗಿಂತ ಮೊದಲು ನಂಗೊಬ್ಬ ಮಗ ಇದ್ದ. ಅವನಿಗೂ ಒಂಬತ್ತು ತಿಂಗಳಾದಾಗ ಆಶಾ ಕಾರ್ಯಕರ್ತೆ ಮನೆಗೇ ಬಂದು ಕರೆದಿದ್ರು. ಅತ್ತೆ ಬಾಗಿಲಲ್ಲೇ ತಡೆದ್ರು. "ಸೂಜಿ ಚುಚ್ಚಿದ್ರೆ ಜ್ವರ ಬರುತ್ತೆ. ಜ್ವರದ ಕೂಸಿಗೆ ತಲೆ ಬೋಳಿಸಿ ನೀರು ಹಾಕಕ್ಕಾಗುತ್ತಾ? ಜವಳ ಒಂದು ಮುಗೀಲಿ, ಆಮೇಲೆ ನಾನೇ ಎತ್ಕೊಂಡು ಬರ್ತೀನಿ." ಮೊಮ್ಮಗನಿಗೆ ಕೆಟ್ಟದಾಗ್ಲಿ ಅಂತ ಹೇಳಿದ್ದಲ್ಲ. ನಮ್ಮನೆಯವರೂ ಹೂಂ ಅಂದ್ರು. ಒಂದು ವಾರದ ಮಾತು ತಾನೆ ಅಂತ ನಾನೂ ಸುಮ್ಮನಾದೆ.

ಆದ್ರೆ ಜವಳ ಆಗಬೇಕಾದ್ರೆ ಕೂಸು ಸೋದರಮಾವನ ತೊಡೆ ಮೇಲೆ ಕೂರಬೇಕು. ಶಿಕಾರಿಪುರದಲ್ಲಿರೋ ನನ್ನಣ್ಣನಿಗೂ ನಮ್ಮನೆಯವರಿಗೂ ಮಾತು ನಿಂತಿತ್ತು. ಕಾರಣ ಕೇಳಿದ್ರೆ ನಗ್ತೀರಿ. ತವರಲ್ಲಿ ಮಗನ ನಾಮಕರಣ ಆದಾಗ ಅಣ್ಣ ಇವರನ್ನ ಮೊದಲ ಪಂಕ್ತಿ ಊಟಕ್ಕೆ ಕರೀಲಿಲ್ವಂತೆ. ಅಷ್ಟೇ! "ತಪ್ಪಾಯ್ತು ಅಂತ ಒಂದು ಮಾತು ಹೇಳ್ಲಿ, ಕರೀತೀನಿ" ಅಂತ ಇವರು. "ಬಾಯ್ತುಂಬ ಕರೆದ್ರೆ ಬರ್ತೀನಿ, ಕರೀದೆ ಬರಕ್ಕೆ ನಾನೇನು ನಾಯೀನಾ?" ಅಂತ ಅವನು. ಇಬ್ಬರ ಕಾಲು ಹಿಡಿಯೋದೊಂದು ಬಾಕಿ ಇತ್ತು ನಂಗೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ. ನಾವು ಗಂಡ ಹೆಂಡ್ತಿ ಚೆನ್ನಾಗೇ ಇದ್ವಿ. ಬೆಂಕಿ ಬೀಳ ಇವರ ಪಂಕ್ತಿಗೆ! ವಾರ ಹೋಗಿ ತಿಂಗಳಾಯ್ತು, ಇನ್ನೂ ಒಂದು ತಿಂಗಳಾಯ್ತು.

ಅಷ್ಟರಲ್ಲಿ ನಮ್ಮ ಬೀದಿ ಮಕ್ಕಳಿಗೆ ದಡಾರ ಬಂತು. ಮಗನಿಗೂ ಮೈಯೆಲ್ಲ ಕೆಂಪಗೆ ಗುಳ್ಳೆ ಎದ್ದವು. "ಅಮ್ಮ ಬಂದಿದಾಳೆ, ತಾನಾಗೇ ಇಳೀತಾಳೆ" ಅಂತ ಅತ್ತೆ ಬೇವಿನ ಸೊಪ್ಪು ಹಾಸಿದ್ರು. ಗುಳ್ಳೆ ಇಳಿದ್ವು, ಏದುಸಿರು ಶುರುವಾಯ್ತು. ಹಾಲು ಕುಡಿಯೋದನ್ನೂ ಬಿಟ್ಟ. ಸೊರಬದ ಆಸ್ಪತ್ರೆ ಡಾಕ್ಟರು ಎದೆ ನೋಡಿ, "ಇಲ್ಲಿ ಆಗಲ್ಲ, ಈಗಲೇ ಶಿವಮೊಗ್ಗಕ್ಕೆ ಹೊರಡಿ" ಅಂದ್ರು.

ಶಿವಮೊಗ್ಗದ ದಾರೀಲೇ ಶಿಕಾರಿಪುರ ಸಿಗೋದು. ಅಣ್ಣನಿಗೆ ಫೋನ್ ಮಾಡಿದ್ದೆ. ಬಸ್‌ಸ್ಟ್ಯಾಂಡ್ ಹತ್ರ ರಸ್ತೇಲೇ ನಿಂತಿದ್ದ, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಇವರು ಕಾರಿನ ಬಾಗಿಲು ತೆಗೆದು, "ಬನ್ನಿ ಭಾವ" ಅಂದ್ರು. ಅಷ್ಟೇ. ಅದೊಂದು ಮಾತಿಗೆ ತಾನೆ ನಾನು ಅಷ್ಟು ದಿನ ಕಾದಿದ್ದು!

ಅಣ್ಣ ಮಗನನ್ನ ಇಸ್ಕೊಂಡು ತನ್ನ ತೊಡೆ ಮೇಲೆ ಮಲಗಿಸಿಕೊಂಡ. ಬೆವೆತು ಅಂಟಿದ್ದ ಕೂದಲನ್ನ ಹಣೆಯಿಂದ ಸರಿಸ್ತಾನೇ ಇದ್ದ. "ಮಾವ ಬಂದಿದೀನಿ ಕಣೋ, ಕಣ್ಬಿಡೋ" ಅಂತಿದ್ದ. ಶಿವಮೊಗ್ಗ ಇನ್ನೂ ದೂರ ಇರುವಾಗಲೇ ಅಣ್ಣನ ಕೈ ಕೂದಲ ಮೇಲೆ ನಿಂತುಬಿಡ್ತು. ನಂಗೆ ಗೊತ್ತಾಯ್ತು.

ಆ ಕೂದಲಿಗೆ ಕತ್ತರಿ ತಾಗಲೇ ಇಲ್ಲ. ಹಾಗೇ ಮಣ್ಣಿಗಿಟ್ವಿ.