ನಾಲ್ವರು ಹೆಂಗಸರಿಗೆ ಒಂದೇ ಗಂಟಲು

ನಮ್ಮ ಅಕ್ಕ ಕೊಯಮತ್ತೂರಿನ ಕಾಲೇಜೊಂದರಲ್ಲಿ ಸಂಶೋಧನೆ ಮಾಡುತ್ತಾಳೆ. ಟರ್ಕಿಯ ಹೆಂಗಸರು ತಮ್ಮ ಬಗ್ಗೆ ತಾವೇ ಯೋಚಿಸತೊಡಗಿದ್ದು ಹೇಗೆ ಎಂಬುದು ವಿಷಯ. ತಿರುಪ್ಪೂರಿನ ನಮ್ಮ ಬೀದಿಗೆ ಟರ್ಕಿ ಎಂದರೆ ಟವೆಲ್. ಅವಳ ಮೊದಲ ಸೆಮಿನಾರ್ ಕೇಳಿದ ಗೈಡ್, ಇದರಲ್ಲಿ ಜೀವವಿಲ್ಲ, ಮುಂದಿನ ಸಲವೂ ಹೀಗೇ ಆದರೆ ವಿಷಯ ಬದಲಿಸು ಎಂದಿದ್ದರು. ಅಕ್ಕ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಗೈಡ್ ಧ್ವನಿಯಲ್ಲಿ "ಊಟ ಮಾಡಮ್ಮಾ" ಎಂದ ನನ್ನತ್ತ ಚಪ್ಪಲಿ ಹಾರಿ ಬಂತು.

ಎರಡನೆಯ ಸೆಮಿನಾರಿಗೆ ಮುಂಚಿನ ಭಾನುವಾರ ಅವಳು ಮನೆಯಲ್ಲೇ ಅಭ್ಯಾಸಕ್ಕೆ ನಿಂತಳು. ಅಮ್ಮ ಬನಿಯನ್ ಕಂಪನಿಯಿಂದ ಬಂದ ಟೀ ಶರ್ಟ್ ರಾಶಿಯ ಮುಂದೆ ಕೂತು, ಹೊಲಿಗೆಯಲ್ಲಿ ಉಳಿದ ನೂಲಿನ ತುದಿ ಕತ್ತರಿಸುತ್ತಿದ್ದಳು. ಮಿಮಿಕ್ರಿಯಲ್ಲಿ ನನ್ನಷ್ಟು ದೊಡ್ಡವನಿಲ್ಲವೆಂದು ನಾನೇ ಹೇಳಿಕೊಂಡು ತಿರುಗುವುದರಿಂದ, ಅಕ್ಕ ಓದಿದ್ದನ್ನೆಲ್ಲ ಆಡಿ ತೋರಿಸುವ ಕೆಲಸ ನನ್ನದಾಯಿತು.

ಸುಲ್ತಾನನ ಅಧಿಕಾರಿಗೆ ಮೂಗಿನಿಂದ ಮಾತು ಕೊಟ್ಟೆ. ವೋಟಿನ ಹಕ್ಕು ಕೊಟ್ಟಾಯಿತಲ್ಲ, ಇನ್ನು ಹೆಂಗಸರ ಸಂಘ ಯಾಕೆ ಎಂದ, ಸುಲ್ತಾನ ಹೋದ ಮೇಲೆ ಬಂದ ಗಣರಾಜ್ಯದ ಅಧಿಕಾರಿಗೆ ನಮ್ಮ ಕೌನ್ಸಿಲರ್ ಗಂಟಲು. ಹೊಡೆಯುವ ಗಂಡನಿಗೆ ಎದುರುಮನೆ ಮಾಮ. ಆಮೇಲೆ ಹೆಂಗಸರು ಬಂದರು: ಸುಲ್ತಾನನ ಕಾಲದಲ್ಲೇ ಪತ್ರಿಕೆ ನಡೆಸಿದವಳು, ಸರ್ಕಾರ ಬಾಗಿಲು ಮುಚ್ಚಿಸಿದ ಸಂಘದವಳು, ಮನೆಯೊಳಗಿನ ಹೊಡೆತದ ವಿರುದ್ಧ ಬೀದಿಗಿಳಿದವಳು, ತಲೆವಸ್ತ್ರ ತೆಗೆಯದೆ ಕಾಲೇಜಿನ ಗೇಟಿನ ಹೊರಗೇ ನಿಂತವಳು. ನಾಲ್ವರಿಗೂ ಕೈ ಕೆನ್ನೆಗಿಟ್ಟು ಕೀಚಲು ದನಿ ಹೊರಡಿಸಿದೆ.

ಅಮ್ಮ ಕತ್ತರಿ ನಿಲ್ಲಿಸದೆ ಕೇಳಿದಳು: "ಏನ್ಡಾ, ಗಂಡಸ್ರಿಗೆಲ್ಲಾ ಒಂದೊಂದು ಗಂಟಲು ಕೊಟ್ಟೆ. ಹೆಂಗಸ್ರಿಗೆಲ್ಲಾ ಸೇರಿ ಒಂದೇನಾ?"

"ಚುಮ್ಮಾ ತಮಾಷೆಗೆ ಅಮ್ಮಾ."

"ತಮಾಷೇಲೂ ನಾಕು ಜನ ನಾಕು ಜನ ತಾನೆ?"

ನಗುತ್ತಿದ್ದ ಅಕ್ಕ ತನ್ನ ಹಾಳೆ ನೋಡಿಕೊಂಡಳು. ಅದರಲ್ಲೂ 'ಟರ್ಕಿಯ ಮಹಿಳೆಯರು ಬಯಸಿದರು', 'ಟರ್ಕಿಯ ಮಹಿಳೆಯರು ಪಡೆದರು' ಎಂದೇ ಇತ್ತು. ಒಬ್ಬಳ ಮಾತಿಗೆ ಇನ್ನೊಬ್ಬಳು ಎದುರಾಡಿದ್ದು ಎಲ್ಲೂ ಇರಲಿಲ್ಲ. ನನ್ನ ರೋಗ ಅವಳಿಗೂ ಅಂಟಿತ್ತು. ಅವಳು ಪೆನ್ನು ತೆಗೆದು ಗೀಚತೊಡಗಿದಳು. ಸಂಘದವಳ ಹತ್ತಿರ ಬಂದಾಗ ಪೆನ್ನು ನಿಂತಿತು.

"ಅಮ್ಮಾ, ಹಕ್ಕನ್ನ ಅವ್ರೇ ಕೊಟ್ಟು, ಸಾಕು ಮನೇಗೆ ಹೋಗು ಅಂದ್ರೆ ಅವಳಿಗೆ ಹೆಂಗಿದ್ದಿರತ್ತೆ?"

ಅಮ್ಮ ಒಂದು ಶರ್ಟ್ ಮಡಚಿಟ್ಟಳು. "ನಿಮ್ಮಪ್ಪ ಸ್ಕೂಟಿ ಕೊಡಿಸ್ದಾಗ ಇದ್ದಂಗೆ. ಊರಿಗೆಲ್ಲಾ ನಾನ್ ಕೊಡಿಸ್ದೆ ಅಂತ ಹೇಳ್ಕೊಂಡ. ಎಲ್ಲಿಗೆ ಓಡಿಸ್ಬೇಕಂತಾನೂ ಅವನೇ ಹೇಳ್ದ. ನಂಗೆ ಖುಷಿ ಇರ್ಲಿಲ್ಲ ಅಂತಲ್ಲ ನನ್ ಕಣ್ಣೇ, ಸ್ಕೂಟಿ ಒಳ್ಳೇದು."

ಅದನ್ನು ಅಮ್ಮನ ದನಿಯಲ್ಲೇ ಹೇಳಿ ತೋರಿಸು ಎಂದಳು ಅಕ್ಕ ನನಗೆ. ಬಾಯಿ ತೆರೆದೆ, ಬರಲಿಲ್ಲ. ಇಪ್ಪತ್ಮೂರು ವರ್ಷದಲ್ಲಿ ನಾನು ಕಲಿತದ್ದು ಅಮ್ಮ ಬೈಯುವುದನ್ನು ಮಾತ್ರ. ಆ ಸಂಜೆಯೆಲ್ಲ ಅಮ್ಮನ ಪಕ್ಕ ನೂಲು ಕತ್ತರಿಸುತ್ತಾ ಅವಳ ಮಾತು ಕೇಳಿಸಿಕೊಂಡೆ. ಎರಡು ಶರ್ಟಿಗೆ ತೂತು ಮಾಡಿ ಬೈಸಿಕೊಂಡೆ.

ಸೆಮಿನಾರ್ ದಿನ ಅಕ್ಕ ವಾಪಸಾಗುವ ರೈಲಿನಿಂದ ಫೋನ್ ಮಾಡಿದಳು. ನಾಲ್ವರನ್ನೂ ಜಗಳವಾಡಲು ಬಿಟ್ಟಳಂತೆ. ಇದನ್ನೇ ಮುಂದುವರಿಸು ಎಂದರಂತೆ ಗೈಡ್. ವಿಷಯ ಉಳಿಯಿತು.

ಅಮ್ಮ ಮೊಳೆಯಿಂದ ಸ್ಕೂಟಿ ಕೀ ತೆಗೆದಳು. ಟೀವಿ ಮುಂದಿದ್ದ ಅಪ್ಪ ತಿರುಗಿ, "ಎಲ್ಲಿಗೆ?" ಎಂದ.

ಅಮ್ಮ ಗಾಡಿ ಸ್ಟಾರ್ಟ್ ಮಾಡಿಕೊಂಡು, "ಬಂದು ಹೇಳ್ತೀನಿ" ಎಂದಳು.

ಅಪ್ಪನ "ಎಲ್ಲಿಗೆ?" ಅವನ ದನಿಯಲ್ಲೇ ನನಗೆ ಅವತ್ತೇ ಬಂತು. ಅಮ್ಮನ ಆ ಉತ್ತರವನ್ನು ಇನ್ನೂ ಅಭ್ಯಾಸ ಮಾಡುತ್ತಿದ್ದೇನೆ.