ಟ್ರ್ಯಾಕಿನ ಎಣ್ಣೆ, ರಸ್ತೆಯ ಎಣ್ಣೆ

ನನ್ನ ತಮ್ಮ ತೀರಿಕೊಂಡದ್ದು ಕಾಮಾಲೆಯಿಂದ. ಇದನ್ನು ಮೊದಲೇ ಹೇಳಬೇಕು. ಅವನು ಕಾರು ಓಡಿಸುವ ರೀತಿ ನೋಡಿದ್ದವರೆಲ್ಲ ಮಣ್ಣಿಗೆ ಬಂದಾಗ, "ಗಾಡಿ ಎಲ್ಲಿ ಹೊಡೀತ್ರಿ?" ಎಂದೇ ಕೇಳಿದರು. ಗಾಡಿಗೆ ಒಂದು ಗೀರೂ ಬಿದ್ದಿರಲಿಲ್ಲ. ಚಿದ್ರಿಯ ನಮ್ಮ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವನು ನಿಲ್ಲಿಸಿದ ಹಾಗೆಯೇ ನಿಂತಿತ್ತು, ಮುಂದಿನ ಚಕ್ರ ಸ್ವಲ್ಪ ಎಡಕ್ಕೆ ತಿರುಗಿಕೊಂಡು.

ಬ್ಯಾಟರಿ ಸಾಯಬಾರದೆಂದು ಆಗಾಗ ಒಳಗೆ ಕೂತು ಎಂಜಿನ್ ಚಾಲೂ ಮಾಡುತ್ತಿದ್ದೆ. ಸೀಟು ಅವನ ಉದ್ದ ಕಾಲಿಗೆ ಹೊಂದಿಸಿದ್ದು. ನನ್ನ ಪಾದದ ತುದಿ ಮಾತ್ರ ಬ್ರೇಕಿಗೆ ತಾಗುತ್ತಿತ್ತು. ಸೀಟನ್ನು ಮುಂದೆ ಎಳೆಯಲು ಕೈ ಬರಲಿಲ್ಲ. ಒತ್ತಿದರೆ ಪೆಡಲು ಒಂದಿಷ್ಟು ಇಳಿದು, ಆಮೇಲೆ ನನ್ನ ಪಾದವನ್ನು ನಿಧಾನವಾಗಿ ಮೇಲಕ್ಕೆ ತಳ್ಳುತ್ತಿತ್ತು, ಕೆಳಗೆ ಇನ್ನೊಂದು ಪಾದ ಇದ್ದ ಹಾಗೆ. ಅಲ್ಲಿ ಇದ್ದದ್ದು ಎಣ್ಣೆ. ಅವನು ತನ್ನ ಕೈಯಾರೆ ಸುರಿದ ಬ್ರೇಕ್ ಎಣ್ಣೆ.

ವರ್ಷಕ್ಕೆ ಒಂದೆರಡು ಸಲ ಅವನು ಅದೇ ಗಾಡಿ ತೆಗೆದುಕೊಂಡು ದೂರದ ರೇಸ್ ಟ್ರ್ಯಾಕಿಗೆ ಹೋಗುತ್ತಿದ್ದ. ಹೋಗುವ ಮೊದಲು ಎಣ್ಣೆ ಬದಲಿಸಲೇಬೇಕು. ಅದಕ್ಕೆ ಇಬ್ಬರು ಬೇಕು, ಒಬ್ಬರು ಮೇಲೆ ಕೂತು ಪೆಡಲು ಒತ್ತಲು, ಒಬ್ಬರು ಕೆಳಗೆ ಚಕ್ರದ ಹತ್ತಿರ ನಿಪ್ಪಲ್ ಎಂಬ ಸಣ್ಣ ತಿರುಪು ಬಿಚ್ಚಿ ಹಳೆಯದನ್ನು ಇಳಿಸಲು. ಮೇಲೆ ಯಾವಾಗಲೂ ನಾನೇ.

"ಟ್ರ್ಯಾಕಿನ್ಯಾಗ ಮ್ಯಾಲಿಂದ ಮ್ಯಾಲ ಬ್ರೇಕ್ ಹೊಡೀಬೇಕಾಗ್ತದ ಅಕ್ಕಾ. ಎಣ್ಣಿ ಕುದೀತದ. ಕುದ್ರ ಗುಳ್ಳಿ ಏಳ್ತಾವ. ಗುಳ್ಳಿ ಎದ್ರ ಪೆಡಲ್ ನೆಲಕ್ಕ ಹೋಗ್ತದ, ಗಾಡಿ ಮಾತ್ರ ನಿಲ್ಲಂಗಿಲ್ಲ. ಅದಕ್ಕ ಲಗೂನ ಕುದೀಲಾರದಂಥಾ ಎಣ್ಣಿ ಬೇಕು."

"ಮತ್ತ ಅದನ್ನೇ ಹಾಕ್ಕೊಂಡು ಬಜಾರಕ್ಕ ಯಾಕ ಹೋಗ್ತಿ?"

"ಬಜಾರದಾಗ ನಿನ್ನಂಥಾವ್ರು ಅಡ್ಡ ಬರ್ತಾರಲ್ಲ!"

ಪಕ್ಕದ ಹಿಟ್ಟಿನ ಗಿರಣಿಯ ಸದ್ದಿಗೆ ಕೆಳಗಿನಿಂದ ಅವನ ದನಿ ಕೇಳುತ್ತಿರಲಿಲ್ಲ. ಅದಕ್ಕೆ ನಟ್ಟು ಬಿಚ್ಚುವ ಪಾನಾದಿಂದ ಗಾಡಿಯ ತಳಕ್ಕೆ ಬಡಿಯುತ್ತಿದ್ದ. ಒಂದು ಬಡಿತಕ್ಕೆ ಒತ್ತಿ ಹಿಡಿಯಬೇಕು. ಎರಡು ಬಡಿತಕ್ಕೆ ಬಿಡಬೇಕು. ಅದು ಕಿವಿಗಿಂತ ಮೊದಲು ಅಂಗಾಲಿಗೆ ತಿಳಿಯುತ್ತಿತ್ತು.

ಅವನು ಹೋಗಿ ವರ್ಷವಾದ ಮೇಲೆ ಅವನ ಹೆಂಡತಿ ಔರಾದದ ತವರಿನಿಂದ ಫೋನು ಮಾಡಿದಳು. ಭಾಲ್ಕಿಯ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿಯ ಪಾಳಿಗೂ ಬಸ್ಸಿನ ವೇಳೆಗೂ ಹೊಂದುತ್ತಿರಲಿಲ್ಲ.

"ಅಕ್ಕಾರ, ಗಾಡಿ ನಾ ಒಯ್ಲೇನ್ರಿ?"

ಅವಳದೇ ಗಾಡಿ. ಆದರೂ ಕೇಳಿದಳು. ಹೂಂ ಅಂದೆ. ಅಂದ ಮೇಲೆ ಶೆಡ್ಡಿಗೆ ಹೋಗಿ ಬಾನೆಟ್ ಎತ್ತಿ ನೋಡಿದೆ. ಡಬ್ಬಿಯಲ್ಲಿ ಎಣ್ಣೆ ಚಹಾದ ಬಣ್ಣಕ್ಕೆ ತಿರುಗಿತ್ತು. ಈ ಎಣ್ಣೆ ಸುಮ್ಮನೆ ನಿಂತಲ್ಲೇ ಗಾಳಿಯೊಳಗಿನ ನೀರು ಕುಡಿಯುತ್ತದೆ, ನೀರು ಕುಡಿದದ್ದು ಬೇಗ ಕುದಿಯುತ್ತದೆ ಎಂದು ತಮ್ಮ ಹೇಳಿದ್ದ. ಟ್ರ್ಯಾಕಿನದು ಇನ್ನೂ ಬೇಗ ಕುಡಿಯುತ್ತದಂತೆ. ಅಂದರೆ ವರ್ಷವಿಡೀ ಅದು ನಮ್ಮ ಮನೆಯ ಗಾಳಿ ಕುಡಿದಿತ್ತು. ನಾವು ಅತ್ತದ್ದು, ಊದಿನಕಡ್ಡಿ ಹಚ್ಚಿದ್ದು ಎಲ್ಲ ಅದೇ ಗಾಳಿಯಲ್ಲಿ. ಅದನ್ನು ಹಾಗೇ ಬಿಟ್ಟರೆ ಯಾವುದೋ ಇಳುಕಲಿನಲ್ಲಿ ಆ ಹುಡುಗಿಯ ಕಾಲ ಕೆಳಗೆ ಪೆಡಲು ಕುಸಿದೀತು. ಬದಲಿಸಿದರೆ ಅವನು ಸುರಿದದ್ದು ಹೋಗುತ್ತದೆ. ನಾಲ್ಕಾರು ದಿನ ಬಾನೆಟ್ ಎತ್ತುವುದು, ಮುಚ್ಚುವುದು, ಇಷ್ಟೇ ಮಾಡಿದೆ.

ಕೊನೆಗೆ ಅವನ ಗೆಳೆಯನನ್ನು ಕರೆಸಿದೆ. ಬೀದರಿನಲ್ಲಿ ಗ್ಯಾರೇಜು ಇಟ್ಟವನು, ಎಲ್ಲರೂ ಉಸ್ತಾದ್ ಎನ್ನುತ್ತಾರೆ. ಕಪಾಟಿನಲ್ಲಿ ತಮ್ಮ ತಂದಿಟ್ಟ, ಸೀಲು ಒಡೆಯದ ಟ್ರ್ಯಾಕಿನ ಎಣ್ಣೆಯ ಬಾಟಲಿ ಒಂದಿತ್ತು. ಉಸ್ತಾದ್ ಅದನ್ನೇ ಕೈಗೆತ್ತಿಕೊಂಡ.

"ಇದನ್ನ ಹಾಕೂಣ್ರಿ ಅಕ್ಕಾ, ಒಂದ್ ನಂಬರ್ ಮಾಲ್."

"ಬ್ಯಾಡ. ಇದನ್ನ ಹಾಕಿದ್ರ ಪದೇಪದೇ ಬದಲ್ ಮಾಡ್ಬೇಕು. ಆಕಿ ಡ್ಯೂಟಿ ಮಾಡ್ಬೇಕೋ, ಎಣ್ಣಿ ಕಾಯ್ಬೇಕೋ? ರಸ್ತಾದ ಗಾಡಿಗೆ ಹಾಕೂ ಚಲೋ ಡಾಟ್ ಫೋರ್ ಎಣ್ಣಿ ಹಾಕು. ನೀರು ಕುಡಿದ ಮ್ಯಾಲೂ ತಡೀತದ."

"ಎಣ್ಣಿ ಅಂದ್ರ ಎಣ್ಣಿರಿ ಅಕ್ಕಾ, ಇಷ್ಟ್ ಯಾಕ ಫಿಕರ್? ಉಳಿದದ್ದರಾಗ ಭಜಿ ಕರಿಯೂಣು, ಕಡ್ಲಿ ಹಿಟ್ಟ್ ತರ್ರಿ."

"ಮೊದಲ ನೀನೇ ತಿನ್ನು."

ನಕ್ಕು, ಅಂಗಡಿಯಿಂದ ಹೊಸ ಬಾಟಲಿ ತಂದ. ನಾನು ಸೀಟಿನ ಅಂಚಿಗೆ ಜರುಗಿ ಕೂತೆ. ಮಧ್ಯಾಹ್ನ. ಕರೆಂಟ್ ಹೋಗಿ ಗಿರಣಿ ನಿಂತಿತ್ತು. ಓಣಿಯೆಲ್ಲ ಎಷ್ಟು ಸುಮ್ಮನಿತ್ತೆಂದರೆ, ಎಣ್ಣೆ ಪ್ಲಾಸ್ಟಿಕ್ ಕೊಳವೆಯಲ್ಲಿ ಇಳಿಯುವ ಸದ್ದು ಕೇಳುತ್ತಿತ್ತು. ಉಸ್ತಾದ್ ಬಾಯಿಂದಲೇ ಹೇಳುತ್ತಿದ್ದ: "ಒತ್ರಿ. ಹಿಡೀರಿ. ಬಿಡ್ರಿ." ಹಿಂದಿನ ಚಕ್ರಗಳು ಆದವು, ಮುಂದಿನ ಎಡಗಡೆಯದೂ ಆಯಿತು. ಉಳಿದದ್ದು ನನ್ನ ಪಕ್ಕದ ಚಕ್ರ. ಬಾಗಿಲು ತೆರೆದಿತ್ತು. ಅವನು ಹೊರಗೆ ಕುಕ್ಕರುಗಾಲಿನಲ್ಲಿ ಕೂತದ್ದು ನನಗೆ ಕಾಣುತ್ತಿತ್ತು.

ಒತ್ತಿದೆ. ಪೆಡಲು ನೆಲ ಮುಟ್ಟಿತು. ಅವನು ನಿಪ್ಪಲ್ ಬಿಗಿದು, "ಬಿಡ್ರಿ" ಎಂದ.

ಕಾಲು ಏಳಲಿಲ್ಲ. ತಮ್ಮನದು ಎಂಬುದು ಇನ್ನು ಆ ಕೊನೆಯ ಗೇಣುದ್ದ ಪೈಪಿನಲ್ಲಿ ಮಾತ್ರ ಇತ್ತು. ಬಿಟ್ಟು ಇನ್ನೊಮ್ಮೆ ಒತ್ತಿದರೆ ಅದೂ ಹೋಗುತ್ತದೆ.

"ಬಿಡ್ರಿ ಅಕ್ಕಾ."

ಆಗ ಅಂಗಾಲಿನ ಕೆಳಗೆ, ಗಾಡಿಯ ತಳದಿಂದ, ಎರಡು ಸಲ ಬಡಿದ ಹಾಗಾಯಿತು. ಜೋರಾಗಿ ಅಲ್ಲ. ಕೆಲಸದ ನಡುವೆ ಬಡಿಯುವಷ್ಟೇ. ಕಾಲು ತಾನಾಗಿ ಮೇಲೆದ್ದಿತು.

"ಬಾಯಿಲೆ ಹೇಳ್ತಿದ್ದಿ, ಈಗ ಯಾಕ ಬಡದಿ?"

"ನಾ ಎಲ್ಲಿ ಬಡದೀನ್ರಿ?" ಅವನ ಒಂದು ಕೈಯಲ್ಲಿ ಪಾನಾ ನಿಪ್ಪಲಿನ ಮೇಲಿತ್ತು, ಇನ್ನೊಂದು ಕೈಯಲ್ಲಿ ಬಾಟಲಿ. ನನ್ನ ಮುಖ ನೋಡಿದ. ಆಮೇಲೆ ಬಗ್ಗಿ ಗಾಡಿಯ ಕೆಳಗೆ ನೋಡಿದ. ಬಹಳ ಹೊತ್ತು ನೋಡಿದ.

"ಬೆಕ್ಕು ಇರಬೇಕ್ರಿ" ಎಂದ.

ಬೆಕ್ಕು ಹೊರಗೆ ಬರಲಿಲ್ಲ. ಉಸ್ತಾದ್ ಮತ್ತೆ ನಗೆಚಾಟಿಕೆ ಮಾಡಲಿಲ್ಲ. ಕೊಳವೆಯಲ್ಲಿ ಹೊಸ ಎಣ್ಣೆ ತಿಳಿಯಾಗಿ ಬರುವವರೆಗೆ ನಾನು ಒತ್ತಿದೆ, ಬಿಟ್ಟೆ. ಹಳೆಯದನ್ನು ಅವನು ಒಯ್ಯುವಾಗ ಬೇಡ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಸೀಟು ಮುಂದೆ ಎಳೆದುಕೊಂಡು ಔರಾದಕ್ಕೆ ಹೊರಟೆ. ಮಾಂಜ್ರಾ ಸೇತುವೆಯ ಮೊದಲಿನ ಇಳುಕಲಿನಲ್ಲಿ ಹಿಂದೆ ಮುಂದೆ ಯಾರೂ ಇಲ್ಲದಾಗ ಗಟ್ಟಿಯಾಗಿ ಬ್ರೇಕ್ ಒತ್ತಿ ನೋಡಿದೆ. ಗಾಡಿ ನಿಂತಿತು. ಪೆಡಲು ಪೆಡಲಿನ ಹಾಗಷ್ಟೇ ಇತ್ತು.

ಔರಾದದಿಂದ ಭಾಲ್ಕಿಗೆ ಅವಳೇ ಓಡಿಸಿದಳು, ನಾನು ಪಕ್ಕದಲ್ಲಿ ಕೂತೆ. ತಿರುವಿನಲ್ಲಿ ಎಮ್ಮೆಗಳು ಅಡ್ಡ ಬಂದವು. ಅವಳು ಸಲೀಸಾಗಿ ನಿಲ್ಲಿಸಿ ಕಾದಳು.

"ಈ ಎಣ್ಣಿ ಮತ್ತ ಯಾವಾಗ ಬದಲ್ ಮಾಡ್ಬೇಕ್ರಿ ಅಕ್ಕಾರ?"

"ವರ್ಷ, ಎರಡು ವರ್ಷಕ್ಕೊಮ್ಮಿ ಮಾಡಿದ್ರ ನಡೀತದ."

"ಅವಾಗೂ ಮ್ಯಾಲ ನೀವೇ ಕೂಡ್ತೀರೇನ್ರಿ?"

ಕೊನೆಯ ಎಮ್ಮೆ ರಸ್ತೆ ದಾಟಿತು.

"ಇಲ್ಲ. ಮ್ಯಾಲ ನೀ ಕೂಡು," ಎಂದೆ. "ಕೆಳಗ ನಾ ಇರ್ತೇನಿ."

ಅವಳು ನನ್ನ ಕಡೆ ನೋಡಲಿಲ್ಲ. ಗೇರು ಹಾಕಿ ಬ್ರೇಕಿನಿಂದ ಕಾಲು ತೆಗೆದಳು.